ಹೊಲಿಗೆ ಮುಗಿಯುವ ತನಕದ ಕತೆ

ನರ್ಸಬಾಯಿಯ ಬಲ ಮುಂಗೈ ಮೇಲೆ ಮನುಷ್ಯನ ಹಲ್ಲಿನ ಗುರುತಿತ್ತು. ಕುಡಿದು ತಲೆ ಒಡೆಸಿಕೊಂಡು ಬಂದವನೊಬ್ಬ ಹೊಲಿಗೆ ಹಾಕುವಾಗ ಕಚ್ಚಿದ್ದು. ಎಡಗೈಯಿಂದ ಅವನ ಮೂಗು ಹಿಂಡಿ ಬಾಯಿ ಬಿಡಿಸಿ, ಉಳಿದ ಮೂರು ಹೊಲಿಗೆ ಹಾಕಿದ ಮೇಲೆಯೇ ತಮ್ಮ ರಕ್ತ ತೊಳೆದುಕೊಂಡರಂತೆ.

ವಿಜಯಪುರದಲ್ಲಿ ನೌಕರಿ ಮುಗಿಸಿ ಬಬಲೇಶ್ವರದಲ್ಲಿ ಎರಡು ಖೋಲಿಯ ಮನೆ ಮಾಡಿಕೊಂಡಿದ್ದರು. ಬಡಿದಾಡಿದವರು ಪೊಲೀಸ್ ಕೇಸಿಗೆ ಅಂಜಿ ತಿಕೋಟಾ ಕಡೆಯಿಂದಲೂ ಅವರ ಬಾಗಿಲಿಗೇ ಬರುತ್ತಿದ್ದರು. ಕೊಡಲಿ ಏಟು, ಕುಡಗೋಲಿನ ಗೀರು, ಕಲ್ಲೇಟು. ನರ್ಸಬಾಯಿ ಕ್ರೈಸ್ತರು. ಸೂಜಿ ಹಿಡಿದೊಡನೆ ಬೈಬಲಿನ ಒಂದು ಕತೆ ಶುರು ಮಾಡುವರು. ಕೊನೆಯ ಹೊಲಿಗೆಗೆ ಕತೆ ಎಲ್ಲಿರುತ್ತದೋ ಅಲ್ಲಿಗೇ ನಿಲ್ಲಿಸುವರು. ಮುಂದಿನದು ಬೇಕಾದರೆ ಎಂಟು ದಿನಕ್ಕೆ ಹೊಲಿಗೆ ಬಿಚ್ಚಿಸಲು ಬರಬೇಕು. "ಇಲ್ಲಾಂದ್ರ ಕೀವು ತುಂಬಿದ ಮ್ಯಾಲ ಬರೂ ಮಂದಿ ನೀವು" ಅನ್ನುತ್ತಿದ್ದರು.

ಗಂಡನಿಂದ ತುಟಿ ಹರಿಸಿಕೊಂಡು ಬಂದ ಒಬ್ಬಳಿಗೆ ಹಾಗರಳ ಕತೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಮಗನ ಸಮೇತ ಹೊರಗ ಹಾಕಿದ್ರವಾ ಆಕಿನ್ನ. ಮರಳುಗಾಡು, ನೀರು ತೀರಿತ್ತು. ಅಲ್ಲೂ ದೇವರು ಬಾವಿ ತೋರಿಸಿದ. ಏಳು, ನಿನ್ನ ಬಾವಿ ಈಗ ಠಾಣೆದಾಗ ಐತಿ." ಕೈಹಿಡಿದು ಠಾಣೆಗೆ ಕರೆದೊಯ್ದರು.

ನಾನು ಐದನೆಯ ಇಯತ್ತೆಗೆ ಸಾಲೆ ಬಿಟ್ಟವನು. ನಮ್ಮೂರು ನಿಡೋಣಿಯಲ್ಲಿ ಹೊಲದ ಕಲ್ಲು ಆರಿಸಿ, ಈ ಕೈಗಳಿಂದಲೇ ದ್ರಾಕ್ಷಿ ತೋಟ ಎಬ್ಬಿಸಿದವನು. ಅದರ ಸೊಕ್ಕೂ ಇತ್ತು, ಇಲ್ಲವೆನ್ನುವುದಿಲ್ಲ. ಬಾವಿ ನನಗೂ ದೊಡ್ಡಪ್ಪನ ಮಗನಿಗೂ ಕೂಡಿದ್ದು. ನನ್ನ ನೀರಿನ ಪಾಳಿಯ ದಿನ ಅವನು ನೀರನ್ನು ತನ್ನ ಕಡೆ ತಿರುಗಿಸಿಕೊಂಡ. ಕೇಳಲು ಹೋದರೆ ಸಲಿಕೆಯಿಂದ ಹೊಡೆದ. ಕಿವಿಯ ಮೇಲೆ ನನ್ನ ತಲೆ ಎಲುಬು ಕಾಣುವಷ್ಟು ಬಿರಿಯಿತು. ರಕ್ತ ಸೋರುತ್ತಲೇ ನರ್ಸಬಾಯಿಯ ಬಾಗಿಲಿಗೆ ಹೋದೆ.

"ಅವನ್ನ ಕಡೀತೀನ್ರಿ ಬಾಯಾರ."

"ಕಡಿಯಂತಿ. ಮೊದಲ ಕುತ್ತಿಗಿ ಅಳ್ಳಾಡಿಸಬ್ಯಾಡ."

ಸೂಜಿ ಚುಚ್ಚುತ್ತ ಹೇಳಿದರು: ಸೌಲನೆಂಬ ರಾಜ ದಾವೀದನನ್ನು ಕೊಲ್ಲಲು ಗುಡ್ಡ ಗುಡ್ಡ ಅಲೆಯುತ್ತಾನೆ. ಒಂದು ದಿನ ಆ ರಾಜನೇ ನಿದ್ದೆಯಲ್ಲಿ ದಾವೀದನ ಕೈಗೆ ಸಿಗುತ್ತಾನೆ. ಈಟಿ ತಲೆದೆಸೆಯಲ್ಲಿ ನೆಟ್ಟಿದೆ. ಜೊತೆಗಾರ ಪಿಸುಗುಡುತ್ತಾನೆ, ಒಂದೇ ಏಟು ಸಾಕು ಎಂದು. ಅಷ್ಟರಲ್ಲಿ ಹನ್ನೊಂದನೆಯ ಹೊಲಿಗೆ ಮುಗಿಯಿತು. ನೂಲು ಕತ್ತರಿಸಿದರು.

"ಕೊಂದನೇನ್ರಿ?"

"ಎಂಟು ದಿನ ಬಿಟ್ಟು ಬಾ."

ಮೂರನೆಯ ದಿನವೇ ಮಧ್ಯಾಹ್ನ ಕೊಡಲಿ ಹಿಡಿದು ದೊಡ್ಡಪ್ಪನ ಮಗನ ಹೊಲಕ್ಕೆ ಹೋದೆ. ಬೇವಿನ ನೆರಳಲ್ಲಿ ಹೊರಸಿನ ಮೇಲೆ ಅವನು ಬಾಯಿ ತೆರೆದು ಮಲಗಿದ್ದ. ಗಂಟಲು ಏರಿಳಿಯುತ್ತಿತ್ತು. ಕೊಡಲಿ ಎತ್ತಿದೆ. ಆ ಹಾಳು ಕತೆ ಅಡ್ಡ ಬಂತು. ದಾವೀದ ಏನು ಮಾಡಿದ? ಗೊತ್ತಿಲ್ಲ. ಕೈ ಮೇಲೇ ನಿಂತಿತು. ಸುಮ್ಮನೆ ಇಳಿಸಲು ಸಿಟ್ಟು ಬಿಡಲಿಲ್ಲ. ಕೊಡಲಿ ತಿರುವಿ, ಮೊಂಡ ಬದಿಯಿಂದ ಮೊಣಕಾಲ ಕೆಳಗೆ ಬಡಿದೆ. ಎಲುಬು ಮುರಿದ ಸಪ್ಪಳ ಕೇಳಿಸಿತು. ಅವನ ಚೀರಾಟಕ್ಕೆ ಕೊಡಲಿ ಬಿಸಾಡಿ, ಅವನನ್ನು ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ನಾನೇ ಬಬಲೇಶ್ವರಕ್ಕೆ ಒಯ್ದೆ.

ನರ್ಸಬಾಯಿ ಕಾಲು ನೋಡಿದರು, ನನ್ನನ್ನು ನೋಡಿದರು, ಕಪಾಳಕ್ಕೆ ಬಾರಿಸಿದರು. ನನ್ನ ಎರಡು ಹೊಲಿಗೆ ಕಿತ್ತವು.

"ದಾವೀದ ಈಟಿ ತಗೊಂಡ, ನೀರಿನ ತಂಬಿಗಿ ತಗೊಂಡ, ರಾಜನ್ನ ಜೀವಂತ ಬಿಟ್ಟು ಹೋದ. ಕಾಲ ಮುರೀಲಿಲ್ಲಲೇ, ಮಗನ!"

"ಮೊದಲ ಹೇಳಬೇಕಿಲ್ರಿ ಮತ್ತ!"

ಬೆಂಚಿನ ಮೇಲೆ ಹೊರಳಾಡುತ್ತಿದ್ದವನು ಬೈದ: "ಇವಗ ಪೂರಾ ಕತಿ ಹೇಳಿ ಕಳಸ್ರೀ ಬಾಯಾರ, ಇನ್ನೊಂದು ಕಾಲರ ಉಳೀಲಿ."

ಅವರು ನಗಲಿಲ್ಲ. ಕಾಲಿಗೆ ಪಟ್ಟಿ ಕಟ್ಟಿ ವಿಜಯಪುರಕ್ಕೆ ಕಳಿಸುವಾಗ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. "ಅರ್ಧ ಹೇಳಿದ್ದು ನನ್ನ ತಪ್ಪು. ಉಳಿದಿದ್ದು ಕೇಳು. ಕೈ ಎತ್ತಾಕ ಸಿಟ್ಟು ಸಾಕು ತಮ್ಮಾ. ಎತ್ತಿದ ಕೈ ಇಳಿಸಾಕ ದೇವರ ಬೇಕು. ದಿನಾ ಬೇಡಿಕೋ." ಅಂದಿನಿಂದ ಹೊಲಿಗೆ ಎರಡೇ ಇದ್ದರೂ ಅವರು ಕತೆಯನ್ನು ಅರ್ಧಕ್ಕೆ ಬಿಡಲಿಲ್ಲ. ನಾನು ಇಂದಿಗೂ ನಮ್ಮೂರ ಗುಡಿಯ ಹಣಮಪ್ಪನಿಗೇ ನಡೆದುಕೊಳ್ಳುವವನು. ಬೇಡಿಕೊಳ್ಳುವುದು ಮಾತ್ರ ನರ್ಸಬಾಯಿ ಹೇಳಿಕೊಟ್ಟದ್ದನ್ನೇ.

ದೊಡ್ಡಪ್ಪನ ಮಗ ಬಾವಿಯ ಮೆಟ್ಟಿಲಿಂದ ಬಿದ್ದೆನೆಂದು ಆಸ್ಪತ್ರೆಯಲ್ಲಿ ಬರೆಸಿದ.

ಹೋದ ವರ್ಷ ನರ್ಸಬಾಯಿ ತೀರಿಕೊಂಡರು. ವಿಜಯಪುರದ ಕ್ರೈಸ್ತರ ಸ್ಮಶಾನದಲ್ಲಿ ಶವಪೆಟ್ಟಿಗೆಗೆ ಮುಂದೆ ಹೆಗಲು ಕೊಟ್ಟವರು ನಾವಿಬ್ಬರು, ನಾನೂ ದೊಡ್ಡಪ್ಪನ ಮಗನೂ. ನಾನು ಬಿರಬಿರನೆ ಹೊರಟೆ; ಪೆಟ್ಟಿಗೆ ಅವನ ಕಡೆ ವಾಲಿತು.

"ಸಾವಕಾಶ ನಡೀಲೇ," ಅಂದ. "ನೀ ಮುರದ ಕಾಲಿದು."

ಹೆಗಲು ತಗ್ಗಿಸಿ, ಅವನು ಕುಂಟಿದಂತೆ ನಾನೂ ಕುಂಟುತ್ತ ನಡೆದೆ.