ಕೆಸರಿನಿಂದೆದ್ದ ಸಾಣೆ ಸೈಕಲ್ಲು

ನೀರು ಇಳಿದ ನಾಲ್ಕನೆಯ ದಿನ ಸಾಣೆಯವನಿಗೆ ತನ್ನ ಸೈಕಲ್ಲು ಸಿಕ್ಕಿತು. ಸಿಕ್ಕಿತು ಎಂದರೆ, ಓಣಿಯ ಕೈಪಂಪಿನ ಪಕ್ಕ ಕೆಸರಿನ ಮೇಲೆ ಹ್ಯಾಂಡಲ್ಲಿನ ಒಂದು ತುದಿ ಗೇಣುದ್ದ ಕಾಣುತ್ತಿತ್ತು, ಉಳಿದದ್ದೆಲ್ಲ ಕೆಳಗೆ. ಹೊಳೆ ಹೊಸ್ತಿಲು ಮುಟ್ಟಿದ ಮಧ್ಯಾಹ್ನ ಅವನೇ ಅದನ್ನು ಪಂಪಿಗೆ ಸರಪಳಿಯಿಂದ ಬಿಗಿದು, ಬೀಗ ಜಡಿದು, ಹೆಂಡತಿಯ ಕೈ ಹಿಡಿದು ದಿಬ್ಬದ ಮೇಲಿನ ಶಾಲೆಗೆ ಓಡಿದ್ದ. ಸೈಕಲ್ಲು ಉಳಿಯಿತು. ಬೀಗದ ಕೈ ಇಟ್ಟಿದ್ದ ಗೂಡು, ಗೂಡಿದ್ದ ಗೋಡೆ, ಗೋಡೆಯಿದ್ದ ಮನೆ ಹೋಯಿತು.

"ಮನೆ ಬಿಟ್ಟು ಸೈಕಲ್ ಕಟ್ಟಿದ ಮಹಾರಾಯ," ಎಂದಳು ಹೆಂಡತಿ. "ಮನೆಗೂ ಒಂದು ಸರಪಳಿ ಹಾಕೋದಲ್ವ?"

ಅವನಿಗೆ ಕೇಳಿಸಲಿಲ್ಲ. ನಲವತ್ತು ವರ್ಷ ಕತ್ತಿ, ಕತ್ತರಿಗಳ ಕಿರುಚಾಟವನ್ನು ಮುಖದ ಮುಂದೆಯೇ ಇಟ್ಟುಕೊಂಡವನ ಕಿವಿಗಳು ಯಾವಾಗಲೋ ಕೈಕೊಟ್ಟಿದ್ದವು. ಹತ್ತಿರ ಹೋಗಿ ಕೂಗಿದರೆ ಅಷ್ಟಿಷ್ಟು ಮುಟ್ಟುತ್ತಿತ್ತು.

ಆ ಸೈಕಲ್ಲೇ ಅವನ ಅಂಗಡಿ. ಬೀದಿಯಲ್ಲಿ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ತುಳಿದರೆ ಹಿಂದಿನ ಚಕ್ರದಿಂದ ಒಂದು ಪಟ್ಟಿ ಓಡಿ ಮುಂದಿನ ಸರಳಿನ ಮೇಲಿದ್ದ ಸಾಣೆಕಲ್ಲನ್ನು ತಿರುಗಿಸುತ್ತಿತ್ತು. ಊಟದ ತಟ್ಟೆಯಷ್ಟು ಅಗಲದ ಬೂದು ಕಲ್ಲು. ದಿನವಿಡೀ ತುಳಿದರೂ ಸೈಕಲ್ಲು ನಿಂತಲ್ಲೇ ಇರುತ್ತಿತ್ತು. ಇಬ್ಬರ ಹೊಟ್ಟೆ ತುಂಬುತ್ತಿತ್ತು.

ಅಗೆಯಲು ಎರಡು ದಿನ ಹಿಡಿಯಿತು. ಮೂರು ಮನೆಗಳಾಚೆ ಇನ್ನೂ ನಾಲ್ಕು ಜನ ಅಗೆಯುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಸಾಮಾನನ್ನಲ್ಲ. ಅವರ ಸನಿಕೆಯ ಹಿಡಿ ಮುರಿದಾಗ ಇವನು ತನ್ನದನ್ನು ಕೊಟ್ಟು, ಒಡೆದ ತಟ್ಟೆಯಿಂದ ಬಗೆಯತೊಡಗಿದ. ಮಧ್ಯಾಹ್ನ ಅಲ್ಲಿ ಒಮ್ಮೆಲೇ ಎಲ್ಲರೂ ಸುಮ್ಮನಾದರು. ಹೆಂಡತಿ ಇವನ ಭುಜ ಮುಟ್ಟಿದಳು. ಅವನು ತಟ್ಟೆ ಕೆಳಗಿಟ್ಟು, ಅವರು ಚಾಪೆ ಹೊದಿಸಿ ಎತ್ತಿಕೊಂಡು ಹೋಗುವವರೆಗೆ ಕೆಸರಿನಲ್ಲೇ ನಿಂತಿದ್ದ.

ಸರಪಳಿ ಕತ್ತರಿಸಲು ವೆಲ್ಡಿಂಗ್‌ನವನನ್ನು ಕರೆತಂದರು. "ಬೀಗ ನಿಂದೇ ತಾನೇ?" ಎಂದು ಅವನು ಕಿವಿಯ ಹತ್ತಿರ ಕೂಗಿದ. "ನಾಳೆ ನಾನೂ ಕಳ್ಳತನದಲ್ಲಿ ಪಾಲುದಾರ ಆಗೋದು ಬೇಡಪ್ಪ." ಅವನ ಅಂಗಡಿಯೂ ಹೋಗಿತ್ತು, ಉಳಿದಿದ್ದದ್ದು ಒಂದು ಗರಗಸ, ಒಂದು ಬಾಯಿ.

ಸೈಕಲ್ಲನ್ನು ಹೊತ್ತು ತಂದು, ಅವರಿಗೆ ಮಲಗಲು ಕೊಟ್ಟಿದ್ದ ತರಗತಿಯ ಮುಂದಿನ ಪಡಸಾಲೆಯಲ್ಲಿ ಬಿಚ್ಚಿ ಹರವಿದರು. ಡಬ್ಬಿಯ ಮುಚ್ಚಳದಲ್ಲಿ ಸೀಮೆಎಣ್ಣೆ ಹಾಕಿ ಅವನು ಬೇರಿಂಗಿನ ಗುಂಡುಗಳನ್ನು ತೊಳೆದ. ಹೆಂಡತಿ ಹರಕು ಬಟ್ಟೆಯಿಂದ ಚಕ್ರದ ಒಂದೊಂದೇ ಕಡ್ಡಿ ಒರೆಸಿದಳು. ಸೊಟ್ಟಗಾದ ರಿಮ್ಮನ್ನು ಕಿಟಕಿಯ ಸರಳುಗಳ ನಡುವೆ ಸಿಕ್ಕಿಸಿ ಇಬ್ಬರೂ ಜಗ್ಗಿದರು. ಹಿಂದಿನ ಚಕ್ರ ಮೊದಲ ಸಲ ಅಲುಗದೆ ಸುತ್ತಿದಾಗ ಅವನು ಹಲ್ಲು ಬಿಟ್ಟ. "ಮದುವೆ ದಿನಾನೂ ಇಷ್ಟು ನಗಲಿಲ್ಲ ಈ ಮುದುಕ," ಎಂದಳು ಅವಳು.

ಕಲ್ಲಿನ ವಿಷಯ ಬೇರೆ. ವಾರಕ್ಕೂ ಹೆಚ್ಚು ನೀರು ಕುಡಿದು ಅದು ಬಸುರಿಯಂತೆ ಭಾರವಾಗಿತ್ತು. ನೆಂದ ಕಲ್ಲನ್ನು ನೆರಳಿನಲ್ಲಿ ತಿಂಗಳು ಪೂರ್ತಿ ಇಟ್ಟು, ದಿನಕ್ಕೊಮ್ಮೆ ಮಗ್ಗುಲು ತಿರುಗಿಸಿ, ತಾನಾಗಿ ಒಣಗಲು ಬಿಡಬೇಕು. ಅವಸರ ಮಾಡಿದರೆ ಒಳಗೇ ಬಿರಿಯುತ್ತದೆ. ಬಿರಿದ ಕಲ್ಲು ಜೋರಾಗಿ ಸುತ್ತುವಾಗ ಸಿಡಿಯುತ್ತದೆ. ಅವನಿಗೆ ಕಸುಬು ಕಲಿಸಿದ ಅಣ್ಣ ಹೋದದ್ದು ಹಾಗೆಯೇ. ಚೂರೊಂದು ಕಣ್ಣಿನ ಕೆಳಗೆ ಹೊಕ್ಕಿತ್ತು. "ಏನೂ ಆಗಿಲ್ಲ, ನೀರು ಕೊಡು" ಎಂದಿದ್ದ. ಇವನು ನೀರು ತರುವಷ್ಟರಲ್ಲಿ ಮುಗಿದಿತ್ತು.

ಅದಕ್ಕೇ ಪ್ರತಿ ಬೆಳಿಗ್ಗೆ ಕಲ್ಲನ್ನು ಹಗ್ಗಕ್ಕೆ ತೂಗುಹಾಕಿ ಮರದ ಹಿಡಿಯಿಂದ ತಟ್ಟುವ ಪದ್ಧತಿ. ಗಟ್ಟಿ ಕಲ್ಲು ಗಂಟೆಯಂತೆ ಉಲಿಯುತ್ತದೆ. ಬಿರಿದದ್ದು ಒಡಕು ಮಡಕೆಯಂತೆ. ಕಿವಿ ಮಂದವಾದ ಮೇಲೆ ತಟ್ಟುವುದು ಅವನ ಕೆಲಸ, ಕೇಳುವುದು ಹೆಂಡತಿಯದು. ಹನ್ನೊಂದು ವರ್ಷದಿಂದ ಅವಳು ತಲೆ ಬಾಚಿಕೊಳ್ಳುತ್ತಲೇ ಬಾಗಿಲಿನಿಂದ ತಲೆಯಾಡಿಸುತ್ತಿದ್ದಳು, ಅವನು ಹೊರಡುತ್ತಿದ್ದ.

ಈಗ ತಿಂಗಳು ಕಾಯುವ ಪುರುಸೊತ್ತು ಎಲ್ಲಿತ್ತು? ಇನ್ನು ಹತ್ತು ದಿನಕ್ಕೆ ಶಾಲೆ ಶುರು, ಕೋಣೆ ಬಿಡಬೇಕು ಎಂದು ಹೆಡ್‌ಮಾಸ್ತರರು ಹೇಳಿಹೋಗಿದ್ದರು. ಅಂಗಳದಲ್ಲಿ ಮುನ್ನೂರು ಜನಕ್ಕೆ ಬೇಯಿಸುತ್ತಿದ್ದ ಅಡುಗೆಯಾಕೆ ದಿನಕ್ಕೆರಡು ಸಲ ಬಂದು ನಿಲ್ಲುತ್ತಿದ್ದಳು.

"ಮಾವ, ಇರೋದು ಮೂರೇ ಚಾಕು. ಈ ಚಾಕು ಹಿಡಿಯೋ ಬದಲು ಕುಂಬಳಕಾಯಿಗೆ ನಾಲ್ಕು ಬೈದ್ರೆ ಅದೇ ನಾಚಿಕೊಂಡು ಬಿರಿಯುತ್ತೆ. ಯಾವಾಗ ಸಾಣೆ ಹಿಡೀತೀರ?"

"ನಾಳೆ, ನಾಳಿದ್ದು," ಎನ್ನುತ್ತಿದ್ದ.

ಒಂದು ದಿನ ಅವನು ಕಲ್ಲನ್ನು ಅವಳ ಒಲೆಯ ಆಚೆಯ ಕಟ್ಟೆಯ ಮೇಲಿಟ್ಟ. ಸ್ವಲ್ಪ ಬೆಚ್ಚಗಿರಲಿ ಎಂದ. "ಕಲ್ಲಿಗೂ ಚಳಿ ಆಗುತ್ತಾ?" ಎಂದು ಹೆಂಡತಿ ಕಣ್ಣು ಕಿರಿದು ಮಾಡಿದಳು. ಮರುದಿನ ಅದು ಒಲೆಗೆ ಗೇಣು ಹತ್ತಿರ ಬಂದಿತ್ತು. ಅದರ ಮರುದಿನ ಇನ್ನೊಂದು ಗೇಣು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅವರ ಕೈಯಿಂದ ಕಿತ್ತುಕೊಳ್ಳುತ್ತಿದ್ದವನು ಅವನು.

ಕೋಣೆ ಬಿಡುವ ಹಿಂದಿನ ದಿನ ಕಲ್ಲು ಹಗುರಾಗಿತ್ತು, ಬಣ್ಣ ತಿಳಿಯಾಗಿತ್ತು. ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ತೂಗುಹಾಕಿ ತಟ್ಟಿದ. ಹೆಂಡತಿಯ ಕಡೆ ನೋಡಿದ.

ಅವಳು ತಲೆಯಾಡಿಸಲಿಲ್ಲ. "ಇನ್ನೊಂದ್ಸಲ," ಎಂದು ಬೆರಳೆತ್ತಿದಳು.

ತಟ್ಟಿದ. ಅವಳು ಮತ್ತೆ ಬೆರಳೆತ್ತಿದಳು. ಮೂರನೆಯ ಸಲ ಅವನು ಹಿಡಿಯನ್ನು ಮೆಲ್ಲಗೆ ತಾಗಿಸಿದ, ಮಲಗಿದವರನ್ನು ಎಬ್ಬಿಸುವವನಂತೆ.

"ಸರಿ ಇದೆ ಅಲ್ವ?" ಎಂದ. "ನೋಡು, ಮೇಲೆ ಒಂದು ಗೆರೆ ಇಲ್ಲ. ಮೂರೇ ಚಾಕು. ಮೂರು ಮಾಡಿ ಕಲ್ಲು ಇಳಿಸಿಬಿಡ್ತೀನಿ."

ಅವಳು ಹತ್ತಿರ ಬಂದು ಅವನ ಕಿವಿಗೆ ಬಾಯಿಟ್ಟಳು. "ಹೋಗಿದೆ."

"ನಿಂಗೂ ಕಿವಿ ಕೆಟ್ಟಿದೆ."

"ಕೆಟ್ಟಿದ್ರೆ ಚೆನ್ನಾಗಿತ್ತು," ಎಂದಳು.

ಬಿರಿದ ಕಲ್ಲನ್ನು ಮಾರುವಂತಿಲ್ಲ, ಕೊಡುವಂತಿಲ್ಲ, ಮೂಲೆಗೆ ಎಸೆಯುವಂತೆಯೂ ಇಲ್ಲ. ಯಾರೋ ಎತ್ತಿಕೊಂಡು ತಮ್ಮ ಸೈಕಲ್ಲಿಗೆ ಏರಿಸಿಬಿಟ್ಟರೆ? ಅದನ್ನು ಬಳಸಿದವನೇ ಒಡೆದು ಹಾಕಬೇಕು, ತುಂಡು ಅಂಗೈಗಿಂತ ಚಿಕ್ಕದಾಗುವವರೆಗೆ. ಅವನು ಅಂಗಳಕ್ಕೆ ಒಯ್ದು, ಗೋಣಿ ಹಾಸಿ, ಸುತ್ತಿಗೆ ಎತ್ತಿದ. ಮೊದಲ ಏಟಿಗೇ ಅದು ಒಳಗಿನ ಬಿರುಕಿನಗುಂಟ ಹೋಳಾಯಿತು. ಅವನು ಹೋಳುಗಳನ್ನು ಎತ್ತಿ ನೋಡಿದ. ಹೆಂಡತಿಗೆ ತೋರಿಸಲಿಲ್ಲ. ಉಳಿದದ್ದನ್ನು ನಿಧಾನವಾಗಿ, ಒಂದನ್ನೂ ಬಿಡದೆ ಒಡೆದ.

ಅಂಥ ಕಲ್ಲು ಮಾರುತ್ತಿದ್ದದ್ದು ಹೊಳೆದಂಡೆಯ ಒಂದೇ ಅಂಗಡಿ. ಈಗ ಅದರ ಮೆಟ್ಟಿಲು ಮಾತ್ರ ಇದೆ.

ಸೋಮವಾರದಿಂದ ಅವನು ಸೈಕಲ್ಲಿಗೆ ನೀರಿನ ಕ್ಯಾನು ಕಟ್ಟಿ, ದಿಬ್ಬದ ಟ್ಯಾಂಕಿನಿಂದ ಓಣಿಗೆ ತಳ್ಳಿಕೊಂಡು ಬರುತ್ತಾನೆ. ಹೆಂಡತಿ ಹಿಂದಿನಿಂದ ಕ್ಯಾನು ಹಿಡಿದುಕೊಂಡು ನಡೆಯುತ್ತಾಳೆ. ಸೈಕಲ್ಲು ಕಂಡ ಹೆಂಗಸರು ಟಾರ್ಪಾಲಿನ ಗುಡಾರಗಳಿಂದ ತುಕ್ಕು ಹಿಡಿದ ಕತ್ತಿ, ಕತ್ತರಿ ಹಿಡಿದು ಹೊರಗೆ ಬರುತ್ತಾರೆ. "ಮಾವ, ನಿಲ್ಲಿ, ಮಾವ!" ಎಂದು ಕರೆಯುತ್ತಾರೆ. ಅವನು ತಲೆ ತಗ್ಗಿಸಿ ತಳ್ಳುತ್ತಾ ಮುಂದೆ ಹೋಗುತ್ತಾನೆ.

"ಕಲ್ಲಿಲ್ಲ ಕಣಮ್ಮ," ಎನ್ನುತ್ತಾಳೆ ಹೆಂಡತಿ. "ನೀರು ಬೇಕಿದ್ರೆ ಕೊಡ ತಾ."