ಪಟದಲ್ಲಿ ಬಾರದ ಹೊಂಡ

ತರಾವಾ ದ್ವೀಪದ ರಸ್ತೆಬದಿಯಲ್ಲಿ ಮೂವತ್ತು ವರ್ಷದಿಂದ ಒಣಮೀನು ಮಾರುವ ತಾಬೆತಾಳಿಗೆ ಗೊತ್ತಿದ್ದ ವ್ಯಾಪಾರ ಒಂದೇ: ಒಳ್ಳೆಯ ಮೀನು ಬುಟ್ಟಿಯ ಮೇಲಿರಬೇಕು. ಅದಕ್ಕೇ, ದೊಡ್ಡ ಉಬ್ಬರದ ಮರುದಿನ ಹೊರದೇಶದ ಫೋಟೋದವನು ಬಂದಾಗ ಹೊಸ ರವಿಕೆ ತೊಟ್ಟು, ತಲೆಗೆ ಹೂದಂಡೆ ಇಟ್ಟು, ಹಲ್ಲು ಕಿರಿದು ನಿಂತಳು. ಅತ್ತೆಯ ಕಾಲದ ಬಬಾಯ್ ಗೆಡ್ಡೆಯ ಹೊಂಡಕ್ಕೆ ಉಪ್ಪುನೀರು ನುಗ್ಗಿ ಬೆಳೆಯೆಲ್ಲ ಹೋಗಿತ್ತು, ನಿಜ. ಹಾಗೆಂದು ಅತಿಥಿಯೆದುರು ಅಳುಮೋರೆ ಹಾಕುವುದುಂಟೆ?

ಪಕ್ಕದ ಮನೆಯ ಕೌರೆ ಆಗ ಪಾತ್ರೆ ತೊಳೆಯುತ್ತಿದ್ದಳು. ಒದ್ದೆ ಮೈ, ಹಳೇ ಅಂಗಿ, ಬಿಸಿಲಿಗೆ ಕಿರಿದಾದ ಕಣ್ಣು. ಲೋಕ ಸುತ್ತಿದ್ದು ಅವಳ ಪಟ. ಆ ಕಣ್ಣಲ್ಲಿ ಇಡೀ ದ್ವೀಪದ ದುಃಖ ಇದೆಯಂತೆ! ಅವಳ ಹೊಂಡ ಮನೆಯ ಹಿಂದೆ. ಉಪ್ಪುನೀರು ಮುಟ್ಟದ ಅಲ್ಲಿ ಬಬಾಯ್ ಎಲೆಗಳು ಕೊಡೆಯಷ್ಟು ಅಗಲ.

ಎರಡು ವರ್ಷದ ಮೇಲೆ, ಸಮುದ್ರಕ್ಕೆ ತಡೆಗೋಡೆ ಕಟ್ಟಿಸುವ ಸಾಹೇಬ ಇಯೋತೆಬಾ ಅದೇ ಪಟ ಹಿಡಿದು ಬಂದ. ಕೌರೆಯ ಅಂಗಳದಲ್ಲಿ ಗೂಟ ನೆಟ್ಟ.

"ಕಲ್ಲಿರೋದು ನಲವತ್ತು ಹೆಜ್ಜೆ ಗೋಡೆಗಾಗೋಷ್ಟೇ. ಪಟದಲ್ಲಿರೋ ಮನೆಗೇ ಮೊದಲು."

ತಾಬೆತಾಳ ಹೊಟ್ಟೆ ಉರಿಯಿತು. ಗೋಡೆಯಿಲ್ಲದೆ ತನ್ನ ಹೊಂಡದಲ್ಲಿ ಇನ್ನು ಒಂದು ಗೆಡ್ಡೆಯೂ ಬೇರು ಬಿಡದು.

"ಅವಳು ತೊಳೀತಿದ್ದದ್ದು ಪಾತ್ರೆ ಸ್ವಾಮಿ, ಕಣ್ಣೀರಲ್ಲ!"

"ನಿನ್ನ ಹೊಟ್ಟೆಕಿಚ್ಚು ಆರಿಸೋಕೆ ಸಮುದ್ರದ ನೀರೂ ಸಾಲದು ಕಣೇ," ಎಂದು ಕೌರೆ ನಕ್ಕಳು.

ತಾಬೆತಾ ಪಟವನ್ನು ಕಸಿದು, ಬುಟ್ಟಿಯ ತಳ ಕೆದಕುವ ಗಿರಾಕಿಯಂತೆ ನೋಡಿದಳು. ಪಟದಲ್ಲಿ ಕೌರೆಯ ಸೂರಿನ ಹಿಂದೆ ಎರಡು ತೆಂಗಿನಮರ, ಒಂದಕ್ಕೊಂದು ಅಡ್ಡವಾಗಿ. ಅವು ಹಾಗೆ ಕಾಣುವ ಜಾಗ ಅವಳಿಗೆ ಗೊತ್ತಿತ್ತು.

"ಇದನ್ನ ತೆಗೆದವನು ನಿಂತಿದ್ದೆಲ್ಲಿ? ನೀವೂ ಅಲ್ಲೇ ನಿಂತು ನೋಡಿ."

ಸಾಹೇಬ ಪಟ ಎತ್ತಿ ಹಿಡಿದು, ಮರಕ್ಕೆ ಮರ ಹೊಂದಿಸುತ್ತ ಹಿಂದೆ ಹಿಂದೆ ಸರಿದ. ಮರಗಳು ಕೂಡಿದ ಗಳಿಗೆಗೆ ಸರಿಯಾಗಿ ಮೊಣಕಾಲವರೆಗೆ ಕಪ್ಪು ಕೊಚ್ಚೆಯಲ್ಲಿ ಹೂತುಹೋದ.

"ಥೂ, ಏನಿದು ನಾತ?"

"ನಮ್ಮ ಬಬಾಯ್ ಹೊಂಡ. ಪಟದಲ್ಲಿ ಬಾರದ್ದು ಇದೊಂದೇ. ಫೋಟೋದವನ ಕಾಲ ಕೆಳಗಿತ್ತಲ್ಲ!"

ಸಾಹೇಬ ಗೂಟ ಕಿತ್ತು ತಾಬೆತಾಳ ಹೊಂಡದ ಅಂಚಿಗೆ ನೆಟ್ಟ. ಕೌರೆಯ ನಗು ನಿಂತಿತು.

"ಮೇಲಿನವರಿಗೆ ತೋರಿಸೋಕೆ ಒಂದು ಫೋಟೋ ಬೇಕು," ಎಂದು ಸಾಹೇಬ ಫೋನು ತೆಗೆದ. ತಾಬೆತಾಳ ಕೈ ತಾನಾಗಿ, ಸಾಹೇಬ ಬಂದನೆಂದು ಇಂದೂ ಮುಡಿದಿದ್ದ ಹೂದಂಡೆಗೆ ಹೋಯಿತು. ಸರಿಪಡಿಸಲು ಹೋದ ಕೈ ಅದನ್ನು ತೆಗೆದು ಪಕ್ಕಕ್ಕಿಟ್ಟಿತು. ಹೊಂಡಕ್ಕಿಳಿದು, ಸೂರ್ಯನಿಗೇ ಮುಖ ಕೊಟ್ಟು, ಕಣ್ಣು ಕಿರಿದು ಮಾಡಿ ನಿಂತಳು.

ಅಷ್ಟರಲ್ಲಿ ಕೌರೆ ಅದೇ ದಂಡೆ ಮುಡಿದುಕೊಂಡು ಪಕ್ಕಕ್ಕೆ ಬಂದು ನಿಂತಳು.

"ಆಚೆ ಸರಿಯೇ," ಎಂದಳು ತಾಬೆತಾ, ತುಟಿ ಅಲುಗಿಸದೆ.