ಅವ್ವನ ದಪ್ಪ ಅಕ್ಷರ

ಅವ್ವ ಅಕ್ಷರ ಕಲಿತದ್ದು ನಾನು ಆರನೆಯ ತರಗತಿಯಲ್ಲಿದ್ದಾಗ, ಹಲಸಿಯ ಹತ್ತಿರದ ನಮ್ಮೂರಿನ ಸಂಜೆ ಶಾಲೆಯಲ್ಲಿ. ಪಾಟಿ ಅವಳಿಗೆ ಸಾಲುತ್ತಿರಲಿಲ್ಲ. ಕೆಮ್ಮಣ್ಣು ಬಳಿದ ಮನೆಯ ಗೋಡೆಯ ಮೇಲೆ ಸುಣ್ಣದ ಕುಂಚದಿಂದ ಬರೆಯುತ್ತಿದ್ದಳು. ಹಸಿ ಸುಣ್ಣ ಸರಿಯಾಗಿ ಕಾಣುವುದಿಲ್ಲ, ಒಣಗಿದ ಮೇಲೇ ಬೆಳ್ಳಗಾಗುವುದು. ವರ್ಷವರ್ಷವೂ ಗೋಡೆ ಬಳಿಯುವ ಅವ್ವನಿಗೆ ಇದು ಗೊತ್ತಿರಲಿಲ್ಲವೇ? ಆದರೆ ಅಕ್ಷರದ ವಿಷಯಕ್ಕೆ ಬಂದರೆ ತಾಳ್ಮೆಯಿಲ್ಲ. ಮೂಡಲಿಲ್ಲವೆಂದು ಅದರ ಮೇಲೇ ಮತ್ತೆ ಮತ್ತೆ ತೀಡುವಳು. ಒಣಗುವಷ್ಟರಲ್ಲಿ 'ಅ' ಹೊಟ್ಟೆ ಬಿಟ್ಟುಕೊಂಡು ಕೂತಿರುತ್ತಿತ್ತು, 'ಳ' ಪಕ್ಕದ ಅಕ್ಷರಕ್ಕೆ ಒರಗಿರುತ್ತಿತ್ತು.

"ವೈನಿ, ಗ್ವಾಡಿ ಹೊಲಸಾತು, ಒರಸಿಬಿಡ್ರಿ," ಎಂದ ಅಪ್ಪನ ತಮ್ಮ, ನಮ್ಮ ಕಾಕಾ.

"ಗ್ವಾಡಿ ಸಾರಿಸಾಕಿ ನಾನು. ಬರಿಯಾಕಿನೂ ನಾನಽ," ಎಂದಳು ಅವ್ವ. ಮರುದಿನ ಬಾಗಿಲ ಪಕ್ಕದಲ್ಲೇ ತನ್ನ ಹೆಸರು ಬರೆದಳು. ಮೊಳದುದ್ದ.

ನಾನೀಗ ಬೆಳಗಾವಿಯ ರಾಮತೀರ್ಥ ನಗರದಲ್ಲಿ, ಫಾಂಟ್ ತಯಾರಿಸುವ ಸಣ್ಣ ಆಫೀಸೊಂದರಲ್ಲಿದ್ದೇನೆ. ಹೋದ ವರ್ಷ ಅದೇ ಗೋಡೆಯ ಮೇಲೆ ಅವ್ವನಿಂದ ಪೂರ್ತಿ ವರ್ಣಮಾಲೆ ಬರೆಸಿ, ಫೋಟೊ ತೆಗೆದು, ನನ್ನ ಬಿಡುವಿನಲ್ಲಿ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆ. ನೋಡಿದ ಮಾಲೀಕರು ನಕ್ಕರು.

"ಮಜಾ ಅದಾವ್ರಿ ಮೇಡಂ, ಖರೇ. ಆದ್ರ ಹೊಟ್ಟಿ ಇಳಸ್ರಿ. ನಮ್ಮ ಹೆಸರಿನ್ಯಾಗ ಹೊರಗ ಬರೂವು, ಸಾಲಿ ಕಲೀಲಾರದವರು ಬರದಂಗ ಕಾಣಬಾರದು."

ಮೂಗಿನ ತುದಿಯಲ್ಲೇ ಸಿಟ್ಟಿರುವ ನಾನು ಆವತ್ತು ಹೂಂ ಅಂದೆ. ಆಫೀಸಿನ ಹೆಸರಿನ ಕೆಳಗೆ ನನ್ನ ಹೆಸರೂ ಬರುವ ಆಸೆ, ಸುಳ್ಳೇಕೆ ಹೇಳಲಿ. ಮೂರು ವಾರ ಕೂತು ಎಲ್ಲ ಅಕ್ಷರಗಳನ್ನೂ ಸಣ್ಣ ಮಾಡಿ, ಪ್ರಿಂಟ್ ತೆಗೆದು ಊರಿಗೆ ಒಯ್ದೆ.

ಅವ್ವ ಕನ್ನಡಕ ಏರಿಸಿ ನೋಡಿದಳು. "ಚೊಲೋ ಅದಾವ. ಯಾರು ಬರದಾರವ್ವಾ?"

ಪ್ರಿಂಟನ್ನು ಮಡಿಸಿ ಚೀಲಕ್ಕೆ ತುರುಕಿದೆ. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಮೇಲೇ ನನಗೆ ಉರಿಯುತ್ತಿತ್ತು. ಕಾಕಾ ಬರೀ ಒರೆಸು ಅಂದಿದ್ದ. ನಾನು ಒರೆಸಿಯೇ ಬಿಟ್ಟಿದ್ದೆ.

ಸೋಮವಾರ ಹಳೆಯ ದಪ್ಪ ಅಕ್ಷರಗಳನ್ನೇ ಮಾಲೀಕರ ಮುಂದಿಟ್ಟೆ. "ಇವು ಇದ್ರ ಹಿಂಗಽ ಇರತಾವ್ರಿ. ಒಂದು ಗೆರೀನೂ ಸಣ್ಣ ಮಾಡೂದಿಲ್ಲ."

"ಹಂಗಾದ್ರ ನಮ್ಮ ಹೆಸರು ಹಾಕಬ್ಯಾಡ್ರಿ."

"ಬ್ಯಾಡಽ ಬ್ಯಾಡ್ರಿ!"

ಫಾಂಟಿಗೆ ಅವ್ವನ ಹೆಸರನ್ನೇ ಇಟ್ಟೆ. ಯಾರು ಬೇಕಾದರೂ ಬಳಸಲೆಂದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟೆ. ಶಾಲೆ ಕಲಿಯದವಳು ಬರೆದದ್ದೆಂದು ಕಂಡರೆ ಕಾಣಲಿ.

ಮೊನ್ನೆ ಖಾನಾಪುರದ ಪೇಟೆಯಲ್ಲಿ ಅವ್ವ ಗಕ್ಕನೆ ನಿಂತಳು. ಎದುರಿಗೆ ಹೊಲಿಗೆ ಅಂಗಡಿಯ ಹೊಸ ಬೋರ್ಡು. ಬೆರಳು ಮಾಡಿ ಒಂದೊಂದೇ ಅಕ್ಷರವನ್ನು ದೊಡ್ಡ ದನಿಯಲ್ಲಿ ಓದಿದಳು. ಹೋಗಿಬರುವವರು ತಿರುಗಿ ನೋಡಿದರು. ಓದಿ ಮುಗಿಸಿ, ಅಲ್ಲೇ ನನ್ನನ್ನು ಗದರಿಸಿದಳು:

"ಇವು ನನ್ನ ಅಕ್ಷರ. ಇನ್ನಷ್ಟು ದಪ್ಪ ಮಾಡಾಕ ಏನಾಗಿತ್ತು ನಿನಗ?"